ಏಣಿಯ ಬುಡ ಹಿಡಿಯುವವರು

ನಮ್ಮೂರಿನಲ್ಲಿ ಬಾಗಿಲುಗಳು ಏರುತ್ತವೆ. ಮನೆ ಕಟ್ಟಿಸಿದ ವರ್ಷ ಎಲ್ಲರ ಬಾಗಿಲೂ ನೆಲಕ್ಕೇ ಇರುತ್ತದೆ. ಆಮೇಲೆ ಮದುವೆ, ಬಡ್ತಿ, ಗಂಡುಮಗು, ಯಾವುದಾದರೂ ಸಂಘದ ಅಧ್ಯಕ್ಷತೆ, ಇಂಥದೊಂದು ಒದಗಿದಾಗ ಅದು ಗೇಣೋ ಮೊಳವೋ ಗೋಡೆ ಹತ್ತುತ್ತದೆ. ಒಳಗಿನ ಕೋಣೆಗಳೂ ಅದರ ಹಿಂದೆಯೇ ಮೇಲೆ ಹೋಗುತ್ತವೆ. ಕೆಳಗೆ ಉಳಿಯುವ ಕತ್ತಲೆಯ ಜಾಗಕ್ಕೆ ತಗ್ಗುಕೋಣೆ ಎನ್ನುತ್ತೇವೆ. ಮುರಿದ ಕುರ್ಚಿ, ಈರುಳ್ಳಿ ಮೂಟೆ, ಗಂಡ ಸತ್ತ ಹೆಂಗಸರು ಅಲ್ಲಿರುತ್ತಾರೆ. ಬಾಗಿಲಿಗೆ ಮೆಟ್ಟಿಲು ಕಟ್ಟಿಸಿದವರೂ ಇದ್ದಾರೆ. ಮೆಟ್ಟಿಲು ಕಟ್ಟಿಸಿದಲ್ಲೇ ಉಳಿಯಿತು, ಬಾಗಿಲು ಮುಂದೆ ಹೋಯಿತು. ಆ ಅರ್ಧಂಬರ್ಧ ಮೆಟ್ಟಿಲುಗಳ ಮೇಲೆ ಈಗ ಹಪ್ಪಳ ಒಣಗುತ್ತದೆ.

ಹಿಂದೆ ಬಿದಿರಿನ ಏಣಿಗಳಿದ್ದವು. ಆಮೇಲೆ ಒಬ್ಬ ವ್ಯಾಪಾರಿ ವ್ಯಾನಿನಲ್ಲಿ ಹೊಸ ತರಹದ ಏಣಿ ತಂದ. ರೇಡಿಯೋದ ಏರಿಯಲ್ ಕಡ್ಡಿಯಂತೆ ಒಂದರೊಳಗೊಂದು ಅಡಗಿ ಕೂತ ಅಲ್ಯೂಮಿನಿಯಂ ಕೊಳವೆಗಳು. ಒತ್ತಿದರೆ ಕಂಕುಳಲ್ಲಿ ಹಿಡಿದು ಹೋಗಬಹುದು, ಜಗ್ಗಿದರೆ ಎರಡಾಳೆತ್ತರ. ಪೆಟ್ಟಿಗೆಯ ಮೇಲೆ ಟೆಲಿಸ್ಕೋಪಿಕ್ ಎಂದಿತ್ತು. ಊರು ಅದನ್ನು ಜಗ್ಗೇಣಿ ಎಂದಿತು. ಪ್ರತಿ ಮೆಟ್ಟಿಲಿನ ಎರಡು ಬದಿಗೂ ಒಂದೊಂದು ಗುಂಡಿ. ಕೊಳವೆ ಪೂರ್ತಿ ಹೊರಬಂದಾಗ ಗುಂಡಿ ಚಿಮ್ಮಿ ಟಕ್ ಎಂದು ಕಚ್ಚಿಕೊಳ್ಳಬೇಕು. ಎಡಕ್ಕೊಂದು ಟಕ್, ಬಲಕ್ಕೊಂದು ಟಕ್. ಎರಡೂ ಕೇಳಿಸದೆ ಕಾಲಿಡಬಾರದು ಎಂದು ಆ ವ್ಯಾಪಾರಿ ಸಂತೆಯಲ್ಲಿ ಗಂಟಲು ಹರಿಯುವಂತೆ ಹೇಳಿದನಂತೆ. ಜನ ಅವನ ಅಂಗಿಯ ಬಣ್ಣ ನೋಡುತ್ತಿದ್ದರಂತೆ. ಏಣಿಯ ಜೊತೆ ಒಂದು ಚಿತ್ರದ ಹಾಳೆಯೂ ಬಂದಿತ್ತು. ಅದರಲ್ಲಿ ಕೆಂಪು ಗೀಟು ಹೊಡೆಸಿಕೊಂಡ ಮನುಷ್ಯರಿದ್ದರು: ಪಕ್ಕಕ್ಕೆ ವಾಲಿ ಕೈಚಾಚಿದವನು, ಒದ್ದೆ ನೆಲದ ಮೇಲೆ ಏಣಿ ಇಟ್ಟವನು, ತುತ್ತತುದಿಯಲ್ಲಿ ನಿಂತು ಕೈಬೀಸುವವನು. ನಮ್ಮೂರಿನವರಿಗೆ ಅವರೆಲ್ಲ ಬಹಳ ಬೇಕಾದವರಂತೆ ಕಂಡರು. ಹಾಳೆಗೆ ಕಟ್ಟು ಹಾಕಿಸಿ ದೇವರ ಪಟಗಳ ಸಾಲಿನಲ್ಲಿ ತೂಗುಹಾಕಿದರು.

ಏಣಿಗೂ ಪೂಜೆ ಶುರುವಾಯಿತು. ಆ ಗುಂಡಿಗಳನ್ನು ಏಣಿಯ ಕಣ್ಣು ಎಂದರು. ಕಣ್ಣಿಗೆ ಅರಿಶಿನ ಕುಂಕುಮ ಕಲಸಿ ಹಚ್ಚಿದರು. ಬಡವರ ಏಣಿಗೆ ಒಂದು ಬೊಟ್ಟು, ಮರ್ಯಾದಸ್ಥರ ಏಣಿಗೆ ಬೆರಳುದಪ್ಪ. ಏಣಿ ಮಡಚುವಾಗ ಕೈ ಎಲ್ಲಿಡಬೇಕೆಂದು ಯಾರೂ ಕಲಿಯದ್ದರಿಂದ ಕೊಳವೆಗಳ ನಡುವೆ ಬೆರಳು ಸಿಕ್ಕಿ ಗಂಡಸರ ಉಗುರುಗಳು ಕಪ್ಪಾದವು. ಅದೂ ಒಂದು ಲಕ್ಷಣವಾಯಿತು. ಹೆಣ್ಣು ಕೊಡುವವರು ಈಗಲೂ ಮೊದಲು ವರನ ಕೈ ನೋಡುತ್ತಾರೆ. ಉಗುರು ಕೆಂಪಗಿದ್ದರೆ, ಹುಡುಗನ ಮನೆ ನೆಲಕ್ಕೇ ಇರಬೇಕು ಎಂದು ಕಾಫಿ ಅರ್ಧಕ್ಕೇ ಬಿಟ್ಟು ಏಳುತ್ತಾರೆ.

ಏಣಿಯ ಬುಡ ಹಿಡಿಯಲು ಒಬ್ಬರು ಬೇಕು. ಇದಕ್ಕೆ ಊರಿನ ಕಟ್ಟಳೆಯಿದೆ. ಗಂಡ ಹತ್ತಿದರೆ ಹೆಂಡತಿ, ಹೆಂಡತಿ ಹತ್ತಿದರೆ ಗಂಡ ಹಿಡಿಯಬೇಕು. ಹತ್ತುವವರು ಗಟ್ಟಿನಾ ಎಂದು ಕೇಳುತ್ತಾರೆ. ಹಿಡಿದವರು ಗಟ್ಟಿ ಎನ್ನುತ್ತಾರೆ. ಅದು ನೋಡಿ ಹೇಳುವ ಮಾತಲ್ಲ. ಊಟ ಆಯ್ತಾ ಎಂದು ಕೇಳಿದರೆ ಹಸಿದವರೂ ಆಯ್ತು ಎನ್ನುವುದಿಲ್ಲವೇ, ಹಾಗೆ. ಬಗ್ಗಿ ಗುಂಡಿ ನೋಡಿದರೆ ಹತ್ತುವವರ ಮೇಲೆ ಅನುಮಾನಪಟ್ಟಂತೆ. ನಾನು ನಗರದ ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರ ಓದಿ ಈ ಊರಿಗೆ ಸೊಸೆಯಾಗಿ ಬಂದೆ. ಪ್ರಶ್ನೆ ಕೇಳುವ ಮೊದಲೇ ಉತ್ತರ ಸಿದ್ಧವಿರುವ ಊರಿನಲ್ಲಿ ಆ ಓದು ಎಷ್ಟು ಕೆಲಸಕ್ಕೆ ಬರಬೇಕೋ ಅಷ್ಟೇ ಬಂತು.

ನನ್ನ ಗಂಡ ಮರುಳಸಿದ್ದ ಊರಿನ ನೀರಿನ ಟ್ಯಾಂಕಿಗೆ ಮೇಲ್ವಿಚಾರಕನಾದಾಗ ನಮ್ಮ ಬಾಗಿಲು ಒಂದೇ ಸಲಕ್ಕೆ ಆಳುದ್ದ ಏರಿತು. ಅಂಥ ಏರಿಕೆಗೆ ಬಾಗಿಲಶಾಸ್ತ್ರ ಮಾಡಬೇಕು. ಅವತ್ತು ಬುಡ ಹಿಡಿಯುವವರು ಹೆಂಡತಿಯಲ್ಲ, ಊರಿನ ಹಿರಿಯರು. ಹೆಂಡತಿ ಬಿದಿರಿನ ಏಣಿಯಿಂದ ಮೊದಲೇ ಮೇಲೆ ಹೋಗಿ ಆರತಿ ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಲ್ಲಬೇಕು. ಮರುಳಸಿದ್ದನಿಗೆ ಇದೆಲ್ಲ ನಗು. "ಒಂದ್ ದಿನದ ಮಟ್ಟಿಗೆ ತಾನೆ ಗಂಗಾ, ಮುದುಕ್ರು ಖುಷಿಪಡ್ಲಿ ಬಿಡು" ಎಂದ.

ಮುದುಕರು ಖುಷಿಪಟ್ಟರು. ಏಣಿ ಸಮಿತಿಯ ಅಧ್ಯಕ್ಷ ಬಕ್ಕೇಶಪ್ಪನವರು ಮುಂದೆ ನಿಂತು ಸರಸರನೆ ಏಣಿ ಜಗ್ಗಿಸಿದರು. ಗುಂಡಿಗಳಿಗೆ ಅರಿಶಿನ ಕುಂಕುಮ ಗಾರೆಯಂತೆ ಮೆತ್ತಿತ್ತು. ಬುಡಕ್ಕೆ ಕೈಹಚ್ಚಲು ಜಾಗ ಸಾಲದೆ ಕೆಲವರು ಹಿಡಿದವರ ಹೆಗಲು ಹಿಡಿದಿದ್ದರು. ಎಲ್ಲರ ಮುಖವೂ ಮೇಲಕ್ಕಿತ್ತು, ಯಾಕೆಂದರೆ ಫೋಟೋದವನು ಮೇಲಿದ್ದ. ಮರುಳಸಿದ್ದ "ಗಟ್ಟಿನಾ?" ಎಂದ. "ಗಟ್ಟಿ!" ಎಂದು ಅವರೆಲ್ಲ ಒಟ್ಟಿಗೆ ಕೂಗಿದ್ದಕ್ಕೆ ಪಾರಿವಾಳಗಳು ಹಾರಿಹೋದವು. ಅವನು ನನ್ನನ್ನೇ ನೋಡಿ ನಗುತ್ತಾ ಹತ್ತಿದ. ನಡುವಿನ ಮೆಟ್ಟಿಲಿಗೆ ಬಂದಾಗ ಏಣಿ ತನ್ನೊಳಗೆ ತಾನೇ ಇಳಿಯಿತು, ಛತ್ರಿ ಮಡಚಿದಂತೆ. ಅವನು ಹಿಂದಕ್ಕೆ ಮಗುಚಿ, ಹಪ್ಪಳ ಒಣಗಿಸುವ ನಮ್ಮ ಹಳೆಯ ಕಲ್ಲುಮೆಟ್ಟಿಲಿಗೆ ತಲೆಕೊಟ್ಟು ಬಿದ್ದ. ನನ್ನ ತಟ್ಟೆಯಲ್ಲಿ ದೀಪ ಇನ್ನೂ ಉರಿಯುತ್ತಿತ್ತು.

"ನಾವಂತೂ ಬಿಗಿಯಾಗಿ ಹಿಡ್ದಿದ್ವಿ" ಎಂದು ಹಿರಿಯರು ಹೇಳಿದರು. ಅದು ನಿಜ. ಅವರು ಹಿಡಿದಿದ್ದ ಬುಡ ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಅವನ ಕಾಲ ಬಂದಿತ್ತು ಎಂದರು. ಏಣಿಗೆ ಏನೂ ಆಗಿಲ್ಲವಲ್ಲ, ಅದೇ ಪುಣ್ಯ ಎಂದೂ ಒಬ್ಬರು ಹೇಳಿದರು.

ಗಂಡನಿಲ್ಲದವಳಿಗೆ ಬುಡ ಹಿಡಿಯುವವರಿಲ್ಲ. ಹಿಡಿಯುವವರಿಲ್ಲದೆ ಹತ್ತುವಂತಿಲ್ಲ. ಅವಳ ಕೈಯಿಂದ ಬೇರೆಯವರ ಏಣಿ ಹಿಡಿಸುವಂತೆಯೂ ಇಲ್ಲ. ಹೀಗಾಗಿ ನನ್ನನ್ನು ತಗ್ಗುಕೋಣೆಗೆ ಇಳಿಸಿದರು. ಅಲ್ಲಿ ನನ್ನ ಅತ್ತೆ ಕೊಟ್ರಮ್ಮ ಇದ್ದರು. ಮಾವ ಹೋದಾಗ ಮರುಳಸಿದ್ದ ತೊಟ್ಟಿಲಲ್ಲಿದ್ದ. ಅಂದಿನಿಂದ ಅವರು ಮೇಲಿನ ಮನೆ ಕಂಡವರಲ್ಲ. ನಾನು ಮದುವೆಯಾಗಿ ಬಂದ ಮೇಲೆ ಅವರಿಗೆ ದಿನವೂ ಊಟವನ್ನು ಹಗ್ಗದಲ್ಲಿ ಇಳಿಬಿಡುತ್ತಿದ್ದೆ. ಈಗ ಪಕ್ಕದಲ್ಲೇ ಚಾಪೆ ಹಾಸಿಕೊಂಡೆ. ಅವರು ಮೂಟೆಯೊಂದನ್ನು ಸರಿಸಿ "ಇಲ್ಲಿ ಗಾಳಿ ಬರ್ತದೆ, ಇಲ್ಲಿ ಮಲಕ್ಕೊ" ಎಂದರು. ಬೇರೆ ಸಮಾಧಾನ ಹೇಳಲಿಲ್ಲ. ಊರಿನಲ್ಲಿ ನನಗೆ ಸಮಾಧಾನ ಹೇಳದವರು ಅವರೊಬ್ಬರೇ. ಅದಕ್ಕೇ ಅವರ ಪಕ್ಕ ಕೂರಲು ಆಗುತ್ತಿತ್ತು.

ಯಜಮಾನ ಸತ್ತ ಮನೆಯ ಬಾಗಿಲು ತಾನಾಗಿ ಕೆಳಗಿಳಿಯುತ್ತದೆ ಎಂದು ಊರಿನ ನಂಬಿಕೆ. ನಮ್ಮದು ಇಳಿಯಲಿಲ್ಲ. ನನ್ನ ಗಂಡನ ಅಣ್ಣ, ಭಾವ ಓಂಕಾರಪ್ಪ ದಿನಾ ಬೆಳಗ್ಗೆ ಬಂದು ಛತ್ರಿ ಎತ್ತಿ ಹಿಡಿದು ಹೊಸ್ತಿಲಿಗೆ ಅಳತೆ ನೋಡುತ್ತಿದ್ದರು. ಅವರ ಸ್ವಂತ ಬಾಗಿಲು ಇಷ್ಟು ವರ್ಷವಾದರೂ ಮಂಡಿ ದಾಟಿರಲಿಲ್ಲ. ಪಂಚೆ ಎತ್ತಿ ಒಂದು ಕಾಲು ಹಾಕಿದರೆ ಮನೆಯೊಳಗೆ. ಮಗಳ ಮದುವೆಯ ಮಾತು ಬಂದಾಗಲೆಲ್ಲ ಗಂಡಿನ ಕಡೆಯವರು ಆ ಹೊಸ್ತಿಲನ್ನು ನೋಡಿ, ಮುಗುಳ್ನಕ್ಕು, ಒಳಗೆ ಬಂದು, ಮತ್ತೆ ಬರಲಿಲ್ಲ. ತಮ್ಮನ ಬಾಗಿಲು ಇಳಿದುಹೋಗುವ ಮೊದಲು ಯಾರಾದರೂ ಹಿಡಿಯಬೇಕಲ್ಲ ಎಂಬ ಚಿಂತೆ ಅವರಿಗೆ. ಸಂಕಟ ನಿಜವಾದದ್ದೇ. ಅದು ನನ್ನ ಮನೆಯ ಮೇಲೆ ಕೂತಿತ್ತು, ಅಷ್ಟೇ.

ಆ ಏಣಿಯನ್ನೂ ತಗ್ಗುಕೋಣೆಯಲ್ಲೇ ಇಟ್ಟಿದ್ದರು. ಮಧ್ಯಾಹ್ನ ಮಾಡಲು ಏನೂ ಇರುತ್ತಿರಲಿಲ್ಲ. ನಾನು ಅದನ್ನು ನೆಲದ ಮೇಲೆ ಮಲಗಿಸಿ ಜಗ್ಗುವುದು, ಮಡಚುವುದು, ಮತ್ತೆ ಜಗ್ಗುವುದು. ಅಳುವುದಕ್ಕಿಂತ ಸುಲಭವಾಗಿತ್ತು. ಒಂದು ಮಧ್ಯಾಹ್ನ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ತಲೆಯೆತ್ತದೆ "ಅಲ್ಲೊಂದು ಕಮ್ಮಿ ಆತಲ್ಲ" ಎಂದರು.

"ಏನತ್ತೆ?"

"ಸದ್ದು. ಎಲ್ಲಾ ಕಡೆ ಎರಡೆರಡು ಬರ್ತದೆ. ನಡುವೆ ಒಂದೇ ಬಂತು."

ನಾನು ಮತ್ತೆ ಜಗ್ಗಿದೆ. ನಡುವಿನ ಮೆಟ್ಟಿಲು ಬಲಕ್ಕೆ ಟಕ್ ಎಂದಿತು. ಎಡಕ್ಕೆ ಏನೂ ಇಲ್ಲ. ಗುಂಡಿಯ ಸುತ್ತ ಅರಿಶಿನ ಕುಂಕುಮ ಒಣಗಿ ಕಲ್ಲಾಗಿತ್ತು. ಗುಂಡಿ ಅರ್ಧ ಹೊರಬಂದು ಅಲ್ಲೇ ನಿಂತಿತ್ತು. ಹೇರ್‌ಪಿನ್ನಿನಿಂದ ಕೆರೆದೆ. ಒದ್ದೆ ಬಟ್ಟೆಯಿಂದ ತಿಕ್ಕಿದೆ. ಜಗ್ಗಿದೆ. ಎಡಕ್ಕೆ ಟಕ್ ಎಂದಿತು. ಅತ್ತೆಯ ಕೈಯಲ್ಲಿದ್ದ ಅವರೆಕಾಯಿ ಕೈಯಲ್ಲೇ ಉಳಿಯಿತು. ಅವರು ಆ ದಿನ ಮತ್ತೆ ಸುಲಿಯಲಿಲ್ಲ. ಯಾರಿಗೆ ಹೇಳುವುದು? ಹೇಳಿಸಿಕೊಳ್ಳಬೇಕಾದವರೆಲ್ಲ ಅವತ್ತು ಬುಡ ಹಿಡಿದಿದ್ದರು.

ಕೊನೆಗೆ ಬಕ್ಕೇಶಪ್ಪನವರು ಭಾವನ ಜೊತೆ ಬಂದರು. ತಗ್ಗುಕೋಣೆಯ ಬಾಗಿಲಲ್ಲಿ ಬಗ್ಗಲಾರದೆ ಹೊರಗೇ ನಿಂತು ಮಾತಾಡಿದರು. "ನೋಡು ತಾಯಿ, ಬಾಗ್ಲು ಹಾಗೇ ಬಿಟ್ರೆ ಹಾಳಾಗ್ತದೆ. ಬರೋ ಸೋಮವಾರ ಓಂಕಾರಪ್ಪ ಹತ್ತಿ ಒಳಗೆ ಕಾಲಿಡ್ತಾನೆ. ಅಲ್ಲಿಗೆ ಮನೆ ಅವನದು. ನೀನು ಬುಡ ಹಿಡ್ದು ಗಟ್ಟಿ ಅಂದ್ರೆ ಸಾಕು. ನಿನ್ನ ಒಪ್ಗೆ ಇಲ್ದೆ ನಾವು ಏನೂ ಮಾಡೋರಲ್ಲ."

"ವಿಧವೆ ಬುಡ ಹಿಡಿಯೋ ಹಾಗಿಲ್ಲ ಅಂತಾರಲ್ಲ?" ಎಂದೆ.

"ಅದೊಂದು ದಿನ ಹಿಡೀಬಹುದು."

"ಒಪ್ಪದಿದ್ರೆ?"

ಅಧ್ಯಕ್ಷರು ಭಾವನ ಮುಖ ನೋಡಿದರು. ಇಂಥ ಪ್ರಶ್ನೆ ಅವರ ಅನುಭವದಲ್ಲಿ ಬಂದಿರಲಿಲ್ಲ. "ಗಟ್ಟಿನಾ ಅಂದ್ರೆ ಗಟ್ಟಿ ಅನ್ನೋದಮ್ಮ. ಅದ್ರಲ್ಲಿ ಒಪ್ಪೋದು ಬಿಡೋದು ಏನಿದೆ?" ಎಂದರು. ನಾನು ಓದಿದ ಯಾವ ಪುಸ್ತಕದಲ್ಲೂ ಒಪ್ಪಿಗೆಯನ್ನು ಇಷ್ಟು ಅಚ್ಚುಕಟ್ಟಾಗಿ ವಿವರಿಸಿರಲಿಲ್ಲ.

ಸೋಮವಾರ ಬೆಳಗ್ಗೆಯೇ ಸಮಿತಿಯವರು ಬಂದು ಏಣಿಯನ್ನು ಹೊರಗೆ ಒಯ್ದರು. ನಾನು ಉಜ್ಜಿ ಬೆಳ್ಳಗೆ ಮಾಡಿದ್ದ ಗುಂಡಿಗಳನ್ನು ನೋಡಿ, ಸೂತಕದ ಮನೆ, ಏಣಿಯ ಕಣ್ಣು ಬರಿದಾಗಿದೆ ಎಂದು ಲೊಚಗುಟ್ಟಿ, ಹೊಸದಾಗಿ ಅರಿಶಿನ ಕುಂಕುಮ ಕಲಸಿ ಹಿಂದಿಗಿಂತ ದಪ್ಪಗೆ ಮೆತ್ತಿದರು. ಬಿಸಿಲಿಗೆ ಇಟ್ಟು ಒಣಗಿಸಿದರು. ಅಂಗಳ ಸಾರಿಸಿ, ಒದ್ದೆ ನೆಲದ ಮೇಲೆ ದೊಡ್ಡ ರಂಗೋಲಿ ಬಿಟ್ಟು, ರಂಗೋಲಿಯ ನಟ್ಟನಡುವೆ ಏಣಿ ನಿಲ್ಲಿಸಿದರು. ಭಾವನೇ ಜಗ್ಗಿದರು. ಪೇಟ ಸುತ್ತಿಕೊಂಡಿದ್ದರು. ಮಗಳನ್ನೂ ಕರೆತಂದು ಮುಂದೆ ನಿಲ್ಲಿಸಿದ್ದರು. ಊರಿನವರೆಲ್ಲ ಕತ್ತೆತ್ತಿ ಬಾಗಿಲನ್ನೇ ನೋಡುತ್ತಿದ್ದರು. ನಾನು ಕಿವಿಗೊಟ್ಟು ಕೇಳುತ್ತಿದ್ದೆ. ನಡುವಿನ ಮೆಟ್ಟಿಲಲ್ಲಿ ಒಂದೇ ಸದ್ದು ಬಂತು.

ನಾನು ಹೋಗಿ ಬುಡ ಹಿಡಿದೆ. ಭಾವ ಕೆಳಗಿನ ಮೆಟ್ಟಿಲ ಮೇಲೆ ಕಾಲಿಟ್ಟು, ಊರಿಗೆಲ್ಲ ಕೇಳುವಂತೆ "ಗಟ್ಟಿನಾ?" ಎಂದರು.

ಗಟ್ಟಿ ಎಂದರೆ ಮನೆ ಹೋಗುತ್ತಿತ್ತು. ಮನೆಯ ಜೊತೆ ಭಾವನೂ ಹೋಗುವ ಸಂಭವವಿತ್ತು. ಒಂದು ಕ್ಷಣ, ಹೇಳಿಬಿಡಲೇ ಎನಿಸಿತು. ಎನಿಸಲಿಲ್ಲ ಎಂದು ಬರೆದರೆ ನನ್ನ ಬಗ್ಗೆ ಒಳ್ಳೆಯ ಅಭಿಪ್ರಾಯ ಬಂದೀತು. ಆದರೆ ಎನಿಸಿತು. ಎದುರಿಗೆ ಆ ಹುಡುಗಿ ಅಪ್ಪನನ್ನು ನೋಡುತ್ತಾ ಕೈಕಟ್ಟಿ ನಿಂತಿತ್ತು.

"ಗಟ್ಟಿಯಿಲ್ಲ ಭಾವ" ಎಂದೆ. "ನಡುವಿನ ಮೆಟ್ಟಿಲು ಎಡಗಡೆ ಕಚ್ಚಿಲ್ಲ. ಇಳೀರಿ."

ಯಾರೋ ಸತ್ತ ಸುದ್ದಿ ಬಂದಂತೆ ಅಂಗಳ ಸ್ತಬ್ಧವಾಯಿತು. ನಿಜವಾಗಿ ಒಬ್ಬ ಸತ್ತ ದಿನ ಇಷ್ಟು ಸ್ತಬ್ಧವಾಗಿರಲಿಲ್ಲ.

"ಏ, ಹಂಗನ್ಬಾರ್ದು ತಾಯಿ!" ಬಕ್ಕೇಶಪ್ಪನವರು ಕೈಮುಗಿದೇಬಿಟ್ಟರು. "ಗಟ್ಟಿ ಅನ್ನು. ಒಂದು ಮಾತು. ನಾಲ್ಗೆ ಏನು ಸವೆದು ಹೋಗ್ತದಾ?"

"ನೀವೇ ಬಗ್ಗಿ ನೋಡಿ."

"ನಾವು ನೋಡೋದಾ? ಏಣಿ ಕಣ್ಣನ್ನ ನಾವು ಪರೀಕ್ಷೆ ಮಾಡೋದಾ?" ಅವರು ಸಮಿತಿಯವರ ಕಡೆ ತಿರುಗಿದರು. ಸಮಿತಿಯವರು ತಂತಮ್ಮ ಕಪ್ಪು ಉಗುರುಗಳನ್ನು ನೋಡಿಕೊಂಡರು. ಅವರ ತೊಡಕು ನನಗೆ ಅರ್ಥವಾಗುತ್ತಿತ್ತು. ಇವತ್ತು ಬಗ್ಗಿ ನೋಡಿ ಕಚ್ಚಿಲ್ಲವೆಂದು ಗೊತ್ತಾದರೆ, ಅವತ್ತು ಯಾಕೆ ಬಗ್ಗಲಿಲ್ಲ ಎಂಬ ಪ್ರಶ್ನೆ ಏಳುತ್ತದೆ. ಬಗ್ಗದಿದ್ದರೆ ಓಂಕಾರಪ್ಪ ಹತ್ತಬೇಕಾಗುತ್ತದೆ.

"ಹತ್ತಪ್ಪ ಓಂಕಾರಿ" ಎಂದರು ಅಧ್ಯಕ್ಷರು. "ಹೆಣ್ಣುಮಕ್ಳ ಮಾತಿಗೆ ಹೆದರ್ತಾರಾ?"

ಭಾವ ಮೇಲೆ ನೋಡಿದರು. ಆಮೇಲೆ, ಹುಟ್ಟಿದಾಗಿನಿಂದ ಮೊದಲ ಸಲ ಇರಬೇಕು, ಮೆಟ್ಟಿಲನ್ನು ನೋಡಿದರು. ಇಟ್ಟ ಕಾಲನ್ನು ಮೆಲ್ಲಗೆ ನೆಲಕ್ಕೆ ತಂದರು. "ನೀವೇ ಒಂದ್ಸಲ ಹತ್ತಿ ತೋರಿಸ್ರಲ್ಲ ಅಧ್ಯಕ್ಷರೇ. ನಿಮ್ಮ ಹಿಂದೆ ನಾನು."

"ನಂಗೆ ಮಂಡಿ ನೋವು ಮಾರಾಯ. ಇಲ್ದಿದ್ರೆ ಹತ್ತಿರ್ತಿದ್ದೆ."

ಸಮಿತಿಯಲ್ಲಿ ಎಲ್ಲರಿಗೂ ಮಂಡಿ ನೋವಿತ್ತು. ಒಬ್ಬರಿಗೆ ಅಲ್ಲೇ ಶುರುವಾಯಿತು.

ಅಷ್ಟರಲ್ಲಿ ಅತ್ತೆ ತಗ್ಗುಕೋಣೆಯಿಂದ ಹೊರಗೆ ಬಂದರು. ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು, ರಂಗೋಲಿ ತುಳಿದುಕೊಂಡೇ ಏಣಿಯ ಹತ್ತಿರ ನಡೆದರು. ಯಾರ ಮುಖವನ್ನೂ ನೋಡಲಿಲ್ಲ. ನಡುವಿನ ಮೆಟ್ಟಿಲು ಅವರ ಎದೆಯ ಮಟ್ಟಕ್ಕಿತ್ತು. ಸೆರಗಿನ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ಎಡಗಡೆಯ ಗುಂಡಿಯನ್ನು ತಿಕ್ಕತೊಡಗಿದರು. ನಾನೂ ನನ್ನ ಸೆರಗಿನ ತುದಿ ಹಿಡಿದು ತಿಕ್ಕಲು ಸೇರಿಕೊಂಡೆ. ಕುಂಕುಮ ಒರೆಸುವುದು ಹೇಗೆಂದು ಇದೇ ಊರು ನಮ್ಮಿಬ್ಬರಿಗೂ ಕಲಿಸಿತ್ತು. ಯಾರೋ "ಅಪಶಕುನ, ಅಪಶಕುನ" ಎಂದರು. ಅತ್ತೆ ತಿಕ್ಕುತ್ತಲೇ ಇದ್ದರು. ಕೆಂಪು ಹೆಂಟೆಯೊಂದು ಉದುರಿತು.

ಟಕ್ ಎಂದಿತು.

ಅಂಗಳದಲ್ಲಿ ನಿಂತವರಿಗೆಲ್ಲ ಕೇಳಿಸಿತು. ಹಿಂದೆ ನಿಂತವರು ಏನದು ಏನದು ಎಂದರು. ಮುಂದಿನವರು ಹೇಳಲಿಲ್ಲ.

ಅತ್ತೆ ತಿರುಗಿದರು. "ಬಕ್ಕೇಶಪ್ಪ, ಅವತ್ತು ಈ ಸದ್ದು ಕೇಳಿದ್ಯಾ ನೀನು?"

"ಅವತ್ತು ಗಲಾಟೆ ಇತ್ತಲ್ಲಕ್ಕ..."

"ಗಲಾಟೆ ಯಾರ್ದು?"

ಬಕ್ಕೇಶಪ್ಪನವರು ಶಲ್ಯ ಸರಿಮಾಡಿಕೊಂಡರು. ಅವರ ಬಾಯಿ ತೆರೆಯಿತು. ನಾನು ಅವರ ಉತ್ತರಕ್ಕೆ ಕಾಯುತ್ತಿದ್ದೆ. ತಪ್ಪಾಯಿತು ಎಂದಾರೆಂದು ಅಲ್ಲ, ಅಷ್ಟು ಆಸೆ ನನಗಿರಲಿಲ್ಲ. ಏನಾದರೂ ಎನ್ನಲಿ ಎಂದು. "ಎಲ್ಲಾ ದೈವೇಚ್ಛೆ" ಎಂದರು. ಅತ್ತೆ ತಲೆಯಾಡಿಸಿ, ಸೆರಗಿನ ಕೆಂಪು ಕಲೆಯನ್ನು ಅವರ ಬಿಳೀ ಶಲ್ಯಕ್ಕೆ ಒರೆಸಿ ಏಣಿಯ ಕಡೆ ತಿರುಗಿದರು.

"ಈಗ ಗಟ್ಟಿಯಾತಲ್ಲ" ಎಂದು ಭಾವ ಮತ್ತೆ ಕಾಲೆತ್ತಿದರು. ಆಸೆ ಅಷ್ಟು ಬೇಗ ಸಾಯುವುದಿಲ್ಲ.

"ಕಾಲ್ ತೆಗೆಯೋ" ಎಂದರು ಅತ್ತೆ. "ಒಬ್ಬ ಮಗನ್ನ ಕಳ್ಕೊಂಡೀನಿ. ಇನ್ನೊಬ್ಬನ ಮಾನ ಉಳಿಸ್ಕೊಳ್ಳೋಣ ಅಂತಿದೀನಿ. ಅದು ಅವಳ ಮನೆ."

"ಅವಳಿಗೆ ಬುಡ ಹಿಡಿಯೋರು ಯಾರವ್ವ?"

"ನಾನು."

"ನೀನು ಹಿಡಿಯೋ ಹಂಗಿಲ್ಲ!" ಎಂದರು ಸಮಿತಿಯವರೊಬ್ಬರು.

"ಹಿಡಿಯೋ ಹಂಗಿರೋರು ಹಿಡ್ದಿದ್ದು ನೋಡಿದ್ವಲ್ಲ" ಎಂದರು ಅತ್ತೆ. ಮುಂದಿನ ಸಾಲಿನಲ್ಲಿ ಒಬ್ಬಳು ಕಿಸಕ್ಕನೆ ನಕ್ಕಳು. ಭಾವನ ಮಗಳು ಅಂತ ಕಾಣುತ್ತದೆ.

ನಾನು ಏಣಿಯನ್ನು ಪೂರ್ತಿ ಮಡಚಿದೆ. ಕೈಗಳನ್ನು ಹೊರಬದಿಗೆ ಇಟ್ಟುಕೊಂಡೆ, ಬೆರಳು ಸಿಕ್ಕಲಿಲ್ಲ. ಒದ್ದೆ ರಂಗೋಲಿಯಿಂದ ಎತ್ತಿ ಒಣಗಿದ ಕಲ್ಲುಚಪ್ಪಡಿಯ ಮೇಲಿಟ್ಟೆ. ಉಳಿದ ಗುಂಡಿಗಳನ್ನೂ ಒರೆಸಿ ಒಂದೊಂದೇ ಮೆಟ್ಟಿಲು ಜಗ್ಗಿದೆ. ಪ್ರತಿಸಲವೂ ಅತ್ತೆ ತಲೆ ವಾಲಿಸಿ ಕೇಳಿಸಿಕೊಂಡರು. ಎರಡೂ ಸದ್ದು ಬಂದ ಮೇಲೆ ಹೂಂ ಎಂದರು. ಇದೆಲ್ಲ ಬಹಳ ನಿಧಾನವಾಗಿ ನಡೆಯಿತು. ಊರು ಬೇಸರಪಟ್ಟುಕೊಂಡಿತು. ಸುರಕ್ಷಿತವಾದದ್ದು ನೋಡಲು ಅಷ್ಟೇನೂ ಚೆನ್ನಾಗಿರುವುದಿಲ್ಲ. ಪೇಟ ಸುತ್ತಿದವನೊಬ್ಬ ಬೀಳುವಷ್ಟಂತೂ ಚೆನ್ನಾಗಿರುವುದಿಲ್ಲ. ಒಬ್ಬೊಬ್ಬರಾಗಿ ಹೊರಟರು. ಅಧ್ಯಕ್ಷರು ಶಲ್ಯ ಮಡಚಿ ಬಗಲಿಗೆ ಸೇರಿಸಿ, ಮಂಡಿ ನೋವು ಮರೆತು ಬಿರಬಿರನೆ ನಡೆದರು.

ನಾನು ಹತ್ತಿದೆ. ಮುಖ ಏಣಿಯ ಕಡೆ, ಎರಡೂ ಕೈ ಕೊಳವೆಗೆ. ನಡುವಿನ ಮೆಟ್ಟಿಲಿಗೆ ಬಂದಾಗ ಕಾಲು ತಾನಾಗಿ ನಿಂತಿತು. ಕೆಳಗೆ ಅತ್ತೆ ಬುಡ ಹಿಡಿದು ಕಾಯುತ್ತಾ ನಿಂತರು. ನಾನು ಮುಂದಿನ ಮೆಟ್ಟಿಲಿಗೆ ಕಾಲಿಟ್ಟೆ. ಹೊಸ್ತಿಲು ದಾಟಿದೆ. ಮನೆಯಲ್ಲಿ ಮುಚ್ಚಿಟ್ಟ ವಾಸನೆ. ಗೂಟದಲ್ಲಿ ಅವನ ಅಂಗಿ. ನಾನು ಅದನ್ನು ದಾಟಿ ಹೋಗಿ ಹಿಂದಿನ ಕಿಟಕಿ ತೆಗೆದೆ.

ಹಿಂತಿರುಗಿ ಹೊಸ್ತಿಲಿಗೆ ಬಂದಾಗ ಅತ್ತೆ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಅಂಗಳದಲ್ಲಿ ಉಳಿದವರು ಭಾವ ಮತ್ತು ಅವರ ಮಗಳು ಮಾತ್ರ.

"ಹಿಡ್ಕೊಳ್ಳೋ" ಎಂದರು ಅತ್ತೆ.

"ಅವ್ವಾ, ನೀನ್ಯಾಕೆ..."

"ಬುಡಕ್ಕೆ ಕಾಲ್ ಒತ್ತಿ ಹಿಡಿ. ಮೇಲ್ ನೋಡ್ಬೇಡ, ಗುಂಡಿ ನೋಡು."

ಭಾವ ಪೇಟ ತೆಗೆದು ಮಗಳ ಕೈಗೆ ಕೊಟ್ಟು ಹಿಡಿದುಕೊಂಡರು. ಅತ್ತೆ ಒಂದೊಂದು ಮೆಟ್ಟಿಲಿಗೂ ನಿಂತು ಉಸಿರು ತೆಗೆದುಕೊಂಡು ಬಂದರು. ಹೊಸ್ತಿಲ ಹತ್ತಿರ ಬಂದಾಗ ನಾನು ಬಗ್ಗಿ ಅವರ ತೋಳು ಹಿಡಿದೆ. ಒಳಗೆ ಬಂದು ಗೋಡೆ ಮುಟ್ಟಿದರು, ನೆಲ ಮುಟ್ಟಿದರು. ತೊಟ್ಟಿಲು ಕಟ್ಟುತ್ತಿದ್ದ ಕೊಂಡಿ ಇನ್ನೂ ತೊಲೆಯಲ್ಲಿತ್ತು. ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅಡಿಗೆಮನೆಗೆ ಹೋಗಿ ಡಬ್ಬಿಗಳನ್ನು ಒಂದೊಂದಾಗಿ ತೆರೆದು ಮೂಸಿ, "ಬೇಳೆಗೆ ಹುಳ ಬಿದ್ದದೆ, ಮೊರ ಎಲ್ಲೈತೆ?" ಎಂದರು.

ಮೊರ ಕೊಟ್ಟೆ. ಅವರು ಕಾಲು ಚಾಚಿ ಕಿಟಕಿಯ ಬೆಳಕಿನಲ್ಲಿ ಕೂತರು. ನಾನು ಎದುರಿಗೆ ಕೂತೆ. ಇಬ್ಬರೂ ಹುಳ ಆರಿಸುತ್ತಿದ್ದಾಗ ಕೆಳಗಿನಿಂದ ಭಾವನ ದನಿ ಬಂತು.

"ಅವ್ವಾ... ಬಿಡ್ಲಾ?"

ಅತ್ತೆ ಒಂದು ಹುಳವನ್ನು ಬೆಳಕಿಗೆ ಹಿಡಿದು ನೋಡಿ ಕಿಟಕಿಯಿಂದ ಆಚೆ ಎಸೆದರು.

"ಹಿಡ್ಕೊಂಡಿರೋ" ಎಂದರು. "ನಾನಿನ್ನೂ ಇಳಿಯೋ ಯೋಚ್ನೆ ಮಾಡಿಲ್ಲ."